ಅಪ್ಪ-ಅಮ್ಮನಿಗೆ ಹೇಳದ್ದು, ಗೆಳತಿಗೆ ಹೇಳಿದ್ದು

ಮಗಳಿಗೆ ಈಗ 15. ಕಳೆದ ಮಳೆಗಾಲದಲ್ಲಿ ಅವಳ ಮೇಜಿನ ಮೇಲೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಿದ್ದಿತ್ತು. ಸುಮ್ನೆ ತೆರೆದು ನೋಡಿದೆ. ಪುಟದಲ್ಲಿ ಒಂದಷ್ಟು ಗಿಡ್ಡ ಗಿಡ್ಡ ಸಾಲು, ಉಳಿದದ್ದೆಲ್ಲ ಬಿಳಿ. ಮುಂದಿನ ಪುಟವೂ ಹಾಗೇ. ಕವನ ಸಂಕಲನ ಇರಬೇಕು ಅಂದುಕೊಂಡು ವಾಪಸ್ ಇಡುತ್ತಿದ್ದೆ, ಆದರೆ ಮೊದಲ ಪುಟದ ಮಾತು ಎರಡನೇ ಪುಟದಲ್ಲಿ ಮುಂದುವರಿದಿತ್ತು, ಎರಡನೆಯದು ಮೂರನೆಯದರಲ್ಲಿ. ನಿಂತುಕೊಂಡೇ ಓದಲು ಶುರು ಮಾಡಿದವಳು ಆಮೇಲೆ ಅವಳ ಹಾಸಿಗೆ ಮೇಲೆ ಕೂತೆ, ಕತ್ತಲಾಯಿತು ಅಂತ ದೀಪ ಹಾಕಿದೆ, ಊಟದ ಹೊತ್ತಿಗೆ ಪುಸ್ತಕ ಮುಗಿದಿತ್ತು.

ಅದು ಜೇಸನ್ ರೆನಾಲ್ಡ್ಸ್ ಬರೆದ 'ಲಾಂಗ್ ವೇ ಡೌನ್', 2017ರದ್ದು. ವಿಲ್ ಅನ್ನುವ 15 ವರ್ಷದ ಹುಡುಗ. ಅವನ ಅಣ್ಣ ಶಾನ್‌ನನ್ನು ಯಾರೋ ಗುಂಡು ಹೊಡೆದು ಕೊಂದಿದ್ದಾರೆ. ಅವರ ಕೇರಿಯಲ್ಲಿ ಹಿಂದಿನಿಂದ ಬಂದ ಮೂರು ಕಟ್ಟಳೆ ಇವೆ: ಅಳಬಾರದು, ಯಾರ ಹೆಸರನ್ನೂ ಬಾಯಿ ಬಿಡಬಾರದು, ಸೇಡು ತೀರಿಸಿಕೊಳ್ಳಬೇಕು. ಅಣ್ಣನ ಡ್ರಾಯರಿನಲ್ಲಿದ್ದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಲಿಫ್ಟ್ ಹತ್ತುತ್ತಾನೆ. ಲಿಫ್ಟ್ ಕೆಳಗಿಳಿಯಲು ಬೇಕಾಗುವುದು ಒಂದು ನಿಮಿಷ. ಕಾದಂಬರಿಯ ಹೆಚ್ಚಿನ ಭಾಗ ಆ ಒಂದು ನಿಮಿಷದಲ್ಲಿ ನಡೆಯುತ್ತದೆ. ಮಹಡಿ ಮಹಡಿಗೂ ಬಾಗಿಲು ತೆರೆದು ಒಬ್ಬೊಬ್ಬರು ಒಳಗೆ ಬರುತ್ತಾರೆ, ಎಲ್ಲರೂ ಸತ್ತವರು, ಎಲ್ಲರೂ ಗುಂಡಿಗೇ ಸತ್ತವರು. ಅವರಲ್ಲಿ ಅವನ ಅಪ್ಪನೂ ಇದ್ದಾನೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಡ್ಯಾನಿ ಅನ್ನುವ ಹುಡುಗಿ. ಅವಳು ವಿಲ್‌ನ ಬಾಲ್ಯದ ಗೆಳತಿ, ಎಂಟು ವರ್ಷದವಳಿದ್ದಾಗ ಆಟದ ಮೈದಾನದಲ್ಲಿ ಗುಂಡು ತಗುಲಿ ಹೋದವಳು. ಲಿಫ್ಟಿಗೆ ಬರುವಾಗ ದೊಡ್ಡವಳಾಗಿ ಬರುತ್ತಾಳೆ. ಸೊಂಟದಲ್ಲಿದ್ದ ಪಿಸ್ತೂಲು ನೋಡಿ ಕೇಳುತ್ತಾಳೆ, ಗುರಿ ತಪ್ಪಿದರೆ? ಅಷ್ಟೇ. ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ, ಬೀದಿಯಲ್ಲಿ ಯಾರೂ ಕೇಳದ ಪ್ರಶ್ನೆ, ಗೆಳತಿ ಕೇಳುತ್ತಾಳೆ. ಅವಳೇ ಒಂದು ಗುರಿ ತಪ್ಪಿದ ಗುಂಡಿಗೆ ಸತ್ತವಳು ಅನ್ನುವುದು ಓದುವವರಿಗೆ ಹೊಳೆಯುವ ಹೊತ್ತಿಗೆ ಪುಟ ಮುಗಿದಿರುತ್ತದೆ, ಕೆಳಗೆ ಬರೀ ಬಿಳಿ ಇರುತ್ತದೆ.

ಇಂಥವಕ್ಕೆ ಇಂಗ್ಲಿಷಿನಲ್ಲಿ ವರ್ಸ್ ನಾವೆಲ್ ಅನ್ನುತ್ತಾರೆ. ನಾನು ಪದ್ಯ ಕಾದಂಬರಿ ಅಂತ ಕರೆಯುತ್ತೇನೆ. ಹದಿಮೂರರಿಂದ ಹದಿನೆಂಟರ ನಡುವಿನ ಮಕ್ಕಳಿಗಾಗಿ ಅಮೆರಿಕದಲ್ಲಿ, ಇಂಗ್ಲೆಂಡ್-ಐರ್ಲೆಂಡಿನಲ್ಲಿ ಇವು ಬಹಳ ಬರುತ್ತಿವೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಜಾಗದಿಂದ ಹುಟ್ಟುತ್ತವೆ: ಮನೆಯಲ್ಲಿ ಏನೋ ಒಡೆದಿದೆ, ಮಗು ಅದನ್ನು ಯಾರಿಗೆ ಹೇಳಬೇಕು ಅಂತ ಗೊತ್ತಿಲ್ಲದೆ ನಿಂತಿದೆ. ಆ ಮಳೆಗಾಲದಿಂದ ಈ ವರೆಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಯಾಕೆ ಇಷ್ಟು ಹಚ್ಚಿಕೊಂಡೆ ಅಂತ ಹೇಳಬೇಕಾದರೆ ಸ್ವಲ್ಪ ನನ್ನ ಕಥೆಯೂ ಬೇಕು.

ನಾನು ಧಾರವಾಡದ ಕಡೆಯವಳು. 1991ರಲ್ಲಿ ನನಗೆ 14. ಆ ವರ್ಷ ದೀಪಾವಳಿ ಮುಗಿದ ಮೇಲೆ ಅಮ್ಮ ಮಾತು ಬಿಟ್ಟಳು. ಒಂದೇ ದಿನ ಬಿಟ್ಟದ್ದಲ್ಲ, ದಿನಕ್ಕಿಷ್ಟು ಅಂತ ಕಡಿಮೆಯಾಗುತ್ತ ಹೋಗಿ ಕೊನೆಗೆ ಏನೂ ಉಳಿಯಲಿಲ್ಲ. ನಡುಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದಳು, ಇಟ್ಟ ಚಹಾ ಹಾಗೇ ಆರಿ ಕೆನೆಗಟ್ಟುತ್ತಿತ್ತು. ಇವತ್ತು ಅದಕ್ಕೆ ಖಿನ್ನತೆ ಅನ್ನುವ ಹೆಸರಿದೆ, ಔಷಧ ಇದೆ, ಅಮ್ಮನಿಗೂ ಆಮೇಲೆ ಔಷಧ ಸಿಕ್ಕಿತು, ಚೇತರಿಸಿಕೊಂಡಳು. ಆದರೆ ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ಒಂದು ಪೂರ್ತಿ ವಾಕ್ಯ ಆಡಲಿಲ್ಲ. ಅಪ್ಪ, "ಇವತ್ತು ಸ್ವಲ್ಪ..." ಅನ್ನುತ್ತಿದ್ದರು, ನಿಲ್ಲಿಸುತ್ತಿದ್ದರು. ಅಜ್ಜಿ, "ಆ ದೇವರು..." ಅನ್ನುತ್ತಿದ್ದಳು, ಅಷ್ಟಕ್ಕೇ ಒಳಗೆ ಹೋಗುತ್ತಿದ್ದಳು. ಹೊರಗಿನವರಿಗೆ ಹೇಳಲು ನನಗೊಂದು ವಾಕ್ಯ ಕೊಟ್ಟಿದ್ದರು, ಅದು ಮಾತ್ರ ಪೂರ್ತಿ ಇತ್ತು: ಅಮ್ಮ ತವರಿಗೆ ಹೋಗಿದ್ದಾಳೆ.

ಶಾಲೆಯಲ್ಲಿ ಪ್ರಗತಿ ಪತ್ರಕ್ಕೆ ಅಮ್ಮನ ಸಹಿ ಯಾಕಿಲ್ಲ ಅಂತ ಎಲ್ಲರ ಎದುರಿಗೆ ಕೇಳಿದರು. ಅದೇ ವಾಕ್ಯ ಹೇಳಿದೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೂ ಅದೇ ವಾಕ್ಯ ಹೇಳಿದೆ. ಅವಳು ನಮ್ಮ ಓಣಿಯವಳೇ, ಮೂರನೇ ಇಯತ್ತೆಯಿಂದ ಜೊತೆಗಿದ್ದವಳು. ನಾನು ಶಾಲೆ ತಪ್ಪಿಸಿದ ದಿನ ಸಂಜೆ ನೋಟ್‌ಬುಕ್ ತಂದು ನಮ್ಮ ಮನೆ ಕಟ್ಟೆ ಮೇಲೆ ಇಡುತ್ತಿದ್ದಳು. ಬಾಗಿಲಿಗೆ ಅಡ್ಡ ನಾನು ನಿಂತಿರುತ್ತಿದ್ದೆ, ನಡುಮನೆ ಕಾಣಬಾರದು ಅಂತ. ಅವಳು ಏನೂ ಕೇಳುತ್ತಿರಲಿಲ್ಲ. ನನಗೆ ಆ ಕೇಳದಿರುವುದೇ ಜಾಸ್ತಿ ಭಾರವಾಯಿತು. ನಿಧಾನಕ್ಕೆ ಅವಳಿಂದ ದೂರ ಆದೆ, ಬೇರೆ ಬೆಂಚಿಗೆ ಹೋದೆ, ನೋಟ್‌ಬುಕ್ ಬೇಡ ಅಂದೆ.

ಹಾಗಾಗಿ ಸೋನ್ಯಾ ಸೋನ್ಸ್ ಅವರ 'ಸ್ಟಾಪ್ ಪ್ರಿಟೆಂಡಿಂಗ್' ಓದಿದಾಗ ನನ್ನ ಕೈ ನಡುಗಿತು, ಇದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ. 1999ರ ಪುಸ್ತಕ. 13 ವರ್ಷದ ಹುಡುಗಿ, ಅವಳ 19 ವರ್ಷದ ಅಕ್ಕನಿಗೆ ಕ್ರಿಸ್‌ಮಸ್ ಹಿಂದಿನ ದಿನ ಇದ್ದಕ್ಕಿದ್ದಂತೆ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಸೇರಿಸುತ್ತಾರೆ. ಲೇಖಕಿಯ ಸ್ವಂತ ಅಕ್ಕನಿಗೇ ಹೀಗಾಗಿತ್ತು. ಆ ವಯಸ್ಸಿನಲ್ಲಿ ಅವರು ಬರೆದಿಟ್ಟಿದ್ದ ಡೈರಿಯೇ ಈ ಪದ್ಯಗಳ ಬೇರು. ಒಂದೊಂದೂ ಒಂದು ಸಣ್ಣ ಪದ್ಯ. ಅಕ್ಕನನ್ನು ನೋಡಲು ಹೋದ ದಿನ, ಮನೆಯಲ್ಲಿ ಅಪ್ಪ-ಅಮ್ಮ ಜಗಳವಾಡಿದ ದಿನ, ಶಾಲೆಯಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ನಗುತ್ತ ಓಡಾಡಿದ ದಿನ. ಆಮೇಲೆ ಗೆಳತಿಯರಿಗೆ ಗೊತ್ತಾಗುತ್ತದೆ, ಅವರು ದೂರ ಸರಿಯುತ್ತಾರೆ. ನನ್ನ ವಿಷಯದಲ್ಲಿ ದೂರ ಸರಿದವಳು ನಾನು. ಆ ವ್ಯತ್ಯಾಸ ಇದ್ದೂ ಆ ಹುಡುಗಿಯ ನಾಚಿಕೆ ನನಗೆ ಚೆನ್ನಾಗಿ ಗೊತ್ತು: ಅಕ್ಕನ ಮೇಲಿನ ಪ್ರೀತಿಯೂ ಅಕ್ಕನ ಬಗ್ಗೆ ನಾಚಿಕೆಯೂ ಒಟ್ಟಿಗೇ ಇರುತ್ತವೆ, ಮತ್ತು ನಾಚಿಕೆ ಪಟ್ಟದ್ದಕ್ಕೆ ಇನ್ನೊಂದು ನಾಚಿಕೆ.

ಇದೇ ಕಥೆಯನ್ನು ಗದ್ಯದಲ್ಲಿ ಬರೆದಿದ್ದರೆ? ಬರೆಯಬಹುದಿತ್ತು. ಆದರೆ ಗದ್ಯಕ್ಕೆ ಒಂದು ಒತ್ತಾಯ ಇದೆ, ಈ ಘಟನೆಯಿಂದ ಆ ಘಟನೆಗೆ ಸೇತುವೆ ಕಟ್ಟಬೇಕು, ಯಾಕೆ ಹೀಗಾಯಿತು ಅಂತ ವಿವರಿಸಬೇಕು. ಕಷ್ಟದಲ್ಲಿರುವ ಮಗುವಿನ ಹತ್ತಿರ ಸೇತುವೆ ಇರುವುದಿಲ್ಲ. ಅದಕ್ಕೆ ನೆನಪಿರುವುದು ತುಣುಕುಗಳು. ಕೆನೆಗಟ್ಟಿದ ಚಹಾ, ಅರ್ಧಕ್ಕೆ ನಿಂತ ಮಾತು. ಪದ್ಯ ಕಾದಂಬರಿಯಲ್ಲಿ ಪ್ರತಿ ತುಣುಕಿಗೂ ಒಂದು ಪುಟ ಸಿಗುತ್ತದೆ, ಎರಡು ತುಣುಕುಗಳ ನಡುವೆ ಬಿಳಿ ಜಾಗ ಇರುತ್ತದೆ, ಆ ಜಾಗದಲ್ಲಿ ಮನೆಯವರೆಲ್ಲ ಸುಮ್ಮನೆ ಕೂತಿರುವುದು ಓದುವವರಿಗೆ ಕೇಳಿಸುತ್ತದೆ. ಓದು ನಿಧಾನವಿರುವ ಮಕ್ಕಳಿಗೂ ಇದು ಒಳ್ಳೆಯದು. ದಪ್ಪ ಪುಸ್ತಕ ಒಂದೇ ಸಂಜೆಯಲ್ಲಿ ಮುಗಿಸಿದೆ ಅನ್ನುವ ಖುಷಿ ಸಣ್ಣದಲ್ಲ.

ಎಲ್ಲವೂ ಚೆನ್ನಾಗಿವೆ ಅಂತ ನಾನು ಹೇಳುವುದಿಲ್ಲ. ಕೆಲವು ಸಾಮಾನ್ಯ ಗದ್ಯವನ್ನು ಕತ್ತರಿಯಲ್ಲಿ ಕತ್ತರಿಸಿ ಒಂದರ ಕೆಳಗೆ ಒಂದು ಅಂಟಿಸಿದ ಹಾಗಿವೆ. ಸಾಲು ಅಲ್ಲೇ ಯಾಕೆ ಮುರಿಯಿತು ಅಂದರೆ ಉತ್ತರ ಇಲ್ಲ. ಅಂಥವನ್ನು ಇಲ್ಲಿ ಹೆಸರಿಸುವುದಿಲ್ಲ.

ಉತ್ತರ ಇರುವ ಪುಸ್ತಕ ಯಾವುದು ಅಂದರೆ ಕ್ಯಾರೆನ್ ಹೆಸ್ ಅವರ 'ಔಟ್ ಆಫ್ ದ ಡಸ್ಟ್'. 1997ರಲ್ಲಿ ಬಂತು, ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕವನ್ನು 1998ರಲ್ಲಿ ಪಡೆಯಿತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ.

ಅಮೆರಿಕದ ಒಕ್ಲಹೋಮ, 1934-35. ಗೋಧಿಗಾಗಿ ಹುಲ್ಲುಗಾವಲನ್ನೆಲ್ಲ ಉತ್ತುಬಿಟ್ಟಿದ್ದರು, ಮೇಲೆ ಮಳೆ ಕೈಕೊಟ್ಟಿತು, ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು, ಆ ದಿನವನ್ನು ಅಲ್ಲಿಯವರು ಕಪ್ಪು ಭಾನುವಾರ ಅಂತ ಇಂದಿಗೂ ಕರೆಯುತ್ತಾರೆ. ಆ ಸೀಮೆಯ ಒಂದು ರೈತರ ಮನೆಯ ಹುಡುಗಿ ಬಿಲ್ಲಿ ಜೋ. ಊಟಕ್ಕೆ ತಟ್ಟೆ ಲೋಟಗಳನ್ನು ಬೋರಲು ಹಾಕಿಡಬೇಕು, ಬಡಿಸುವ ಹೊತ್ತಿಗೆ ತಿರುಗಿಸಬೇಕು, ಇಲ್ಲದಿದ್ದರೆ ಧೂಳು. ಬಿಲ್ಲಿ ಜೋಗೆ ಪಿಯಾನೋ ಅಂದರೆ ಪ್ರಾಣ. ಅಮ್ಮ ಬಸುರಿ.

ಒಂದು ದಿನ ಅಪ್ಪ ಒಲೆಯ ಪಕ್ಕ ಒಂದು ಬಕೆಟ್ ಚಿಮಣಿ ಎಣ್ಣೆ ಇಟ್ಟು ಹೋಗಿರುತ್ತಾನೆ. ನೀರು ಅಂತ ತಿಳಿದು ಅಮ್ಮ ಕಾಫಿಗೆ ಅದನ್ನು ಸುರಿಯುತ್ತಾಳೆ. ಬೆಂಕಿ. ಅಮ್ಮ ಹೊರಗೆ ಓಡುತ್ತಾಳೆ. ಉರಿಯುವ ಬಕೆಟ್ ಮನೆ ಸುಟ್ಟೀತು ಅಂತ ಬಿಲ್ಲಿ ಜೋ ಎತ್ತಿ ಬಾಗಿಲಾಚೆ ಎಸೆಯುತ್ತಾಳೆ, ಅದೇ ಕ್ಷಣಕ್ಕೆ ಅಮ್ಮ ವಾಪಸ್ ಬರುತ್ತಿರುತ್ತಾಳೆ. ಅಮ್ಮ ಉಳಿಯುವುದಿಲ್ಲ, ಹುಟ್ಟಿದ ತಮ್ಮನೂ ಉಳಿಯುವುದಿಲ್ಲ. ಬಿಲ್ಲಿ ಜೋನ ಕೈ ಸುಟ್ಟು ಪಿಯಾನೋ ಹೋಗುತ್ತದೆ. ನೋಡಲು ಬಂದ ಹೆಂಗಸರು ಬಕೆಟ್ ಎಸೆದವಳು ಬಿಲ್ಲಿ ಜೋ ಅಂತ ಮಾತಾಡಿಕೊಳ್ಳುತ್ತಾರೆ. ಅದನ್ನು ಅಲ್ಲಿ ಇಟ್ಟವರು ಯಾರು ಅಂತ ಒಬ್ಬರೂ ಆಡುವುದಿಲ್ಲ.

ಇಲ್ಲಿಂದ ಮುಂದೆ ಮನೆಯಲ್ಲಿ ಇಬ್ಬರೇ, ಅಪ್ಪ ಮತ್ತು ಮಗಳು. ಅವಳು ಅಪ್ಪನನ್ನು ಕ್ಷಮಿಸಲಾರಳು, ತನ್ನನ್ನೂ ಕ್ಷಮಿಸಿಕೊಳ್ಳಲಾರಳು. ಅಪ್ಪನೂ ಬಾಯಿ ತೆರೆಯುವುದಿಲ್ಲ. ಒಂದೇ ಮೇಜಿನಲ್ಲಿ ಊಟ ಮಾಡುವ ಈ ಇಬ್ಬರ ನಡುವಿನ ದೂರವನ್ನು ಹೆಸ್ ಎಷ್ಟು ಕಡಿಮೆ ಮಾತಿನಲ್ಲಿ ಬರೆದಿದ್ದಾರೆ ಅಂದರೆ, ಆ ಪುಟಗಳಲ್ಲಿ ಸಾಲುಗಳೂ ಬರಗಾಲದ ಹೊಲದ ಪೈರಿನ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿವೆ. ಪದ್ಯಗಳ ಜೊತೆಗೆ ತಿಂಗಳು, ವರ್ಷ ಹಾಕಿದೆ, ಹುಡುಗಿಯೊಬ್ಬಳು ದಿನಚರಿ ಬರೆದ ಹಾಗೆ. ಕೊನೆಗೊಂದು ದಿನ ಅವಳು ರೈಲು ಹತ್ತಿ ಪಶ್ಚಿಮಕ್ಕೆ ಓಡಿ ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಬಂದ ಮೇಲೆ ಏನು ಅನ್ನುವುದನ್ನು ಹೇಳಲ್ಲ, ಓದಿ.

ಈ ಪುಸ್ತಕ ಓದಿದ ರಾತ್ರಿ ನನಗೆ ನೆನಪಾದದ್ದು ಅಜ್ಜಿಯ ಹಾಡು. 'ಕೆರೆಗೆ ಹಾರ' ಗೊತ್ತಲ್ವಾ? ಬಹಳ ಜನ ಶಾಲೆಯಲ್ಲಿ ಓದಿರುತ್ತೀರಿ, ನಾನು ಅಜ್ಜಿಯ ಬಾಯಲ್ಲಿ ಕೇಳಿದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಸೊಸೆಯೊಬ್ಬಳನ್ನು ಹಾರ ಕೊಡಬೇಕು ಅಂತ ಶಾಸ್ತ್ರದಲ್ಲಿ ಬರುತ್ತದೆ, ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಅವಳಿಗೆ ವಿಷಯ ಗೊತ್ತಾಗಿದೆ. ಸಾಯುವ ಮೊದಲು ತವರಿಗೆ ಹೋಗುತ್ತಾಳೆ. ಯಾಕೆ ಮಗಳೇ ಮುಖ ಬಾಡಿದೆ ಅಂತ ಅಪ್ಪ ಕೇಳುತ್ತಾನೆ. ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಅವ್ವ ಕೇಳಿದರೂ ಅದೇ ಸುಳ್ಳು, ಅವಳು ಒಡವೆ ಕೊಡಿಸುತ್ತೇನೆ ಅನ್ನುತ್ತಾಳೆ. ಆಮೇಲೆ ಗೆಳತಿಯ ಮನೆಗೆ ಹೋಗುತ್ತಾಳೆ. ಗೆಳತಿಯೂ ಅದೇ ಪ್ರಶ್ನೆ ಕೇಳುತ್ತಾಳೆ. ಅಲ್ಲಿ ಮಾತ್ರ ನಿಜ ಹೇಳುತ್ತಾಳೆ, ಅತ್ತೆ ಮಾವ ನನ್ನನ್ನು ಕೆರೆಗೆ ಹಾರ ಕೊಡುತ್ತಾರೆ ಅಂತ. ಕೊನೆಗೆ ಮಾದೇವರಾಯ ಹೆಂಡತಿಯನ್ನು ಹುಡುಕಿಕೊಂಡು ಬಂದಾಗ ಅವನಿಗೆ ನಿಜ ಹೇಳುವವಳೂ ಆ ಗೆಳತಿಯೇ. ಅವನೂ ಕೆರೆಗೆ ಹಾರುತ್ತಾನೆ.

ಎಷ್ಟು ಸಲ ಕೇಳಿದ ಹಾಡು. ಆದರೆ ಸುಳ್ಳು ಯಾರಿಗೆ, ನಿಜ ಯಾರಿಗೆ ಅನ್ನುವುದನ್ನು ನಾನು ಗಮನಿಸಿದ್ದು ಈ ವರ್ಷ. ಹೆತ್ತವರ ಮುಂದೆ ಆಡಲಾಗದ ಮಾತನ್ನು ಆಡಲು ಒಬ್ಬಳು ಗೆಳತಿ ಇದ್ದಳು. ಆ ಗೆಳತಿ ಏನೂ ಮಾಡಲಾರಳು, ತಡೆಯಲಾರಳು, ದೊಡ್ಡ ಸಮಾಧಾನವನ್ನೂ ಹೇಳುವುದಿಲ್ಲ. ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಂಡದ್ದನ್ನು ಇಟ್ಟುಕೊಳ್ಳುತ್ತಾಳೆ. ಹಾಡು ಕಟ್ಟಿದ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು. ಹಿಂದೆ ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂತು ಹಾಡುತ್ತಿದ್ದರು, ಆಗಿನ ಕಾಲಕ್ಕೆ ಹದಿನಾಲ್ಕು ಹದಿನೈದಕ್ಕೆಲ್ಲ ಗಂಡನ ಮನೆ ಸೇರಿರುತ್ತಿದ್ದರು. ತವರು, ಅಣ್ಣ, ಅತ್ತೆಮನೆ ಅಂತ ಅವರು ಮೂರು ಮೂರು ಸಾಲಿನಲ್ಲಿ ಹಾಡಿದ್ದೆಲ್ಲ ಇವತ್ತಿನ ಲೆಕ್ಕದಲ್ಲಿ ಹದಿಹರೆಯದ ಹುಡುಗಿಯರ ಪದ್ಯವೇ.

ನಮ್ಮಲ್ಲಿ ಮನೆ ಮುರಿಯುವ ಕಥೆಯನ್ನು ಪದ್ಯದಲ್ಲಿ ಹೇಳುವುದು ಹೊಸದೇನಲ್ಲ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ' ಇದೆ. ರಾಜ್ಯ ಹೋಗಿ, ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ಹಾವು ಕಚ್ಚಿ ಸತ್ತ ಲೋಹಿತಾಶ್ವನ ಹೆಣದ ಮುಂದೆ ಚಂದ್ರಮತಿ ಅಳುವುದನ್ನು ಷಟ್ಪದಿಯಲ್ಲಿ ಓದಿದರೆ ಎಂಥವರಿಗೂ ಗಂಟಲು ಕಟ್ಟುತ್ತದೆ. ಆದರೆ ಅಳುವುದು ಅಮ್ಮ, ನುಡಿದಂತೆ ನಡೆಯುವುದು ಅಪ್ಪ. ಅವ್ವನ ಜೊತೆ ಪೇಟೆಯಲ್ಲಿ ಮಾರಾಟವಾದ ಹುಡುಗನಿಗೆ ಹೇಗನಿಸಿತು, ಅಪ್ಪನ ಮೇಲೆ ಸಿಟ್ಟು ಬಂತಾ, ಅರಮನೆಯ ಯಾವ ಗೆಳೆಯನನ್ನು ಅವನು ನೆನೆದ? ಲೋಹಿತಾಶ್ವನದೇ ಒಂದು ದಿನಚರಿ ಇದ್ದಿದ್ದರೆ ಅಂತ ನನಗೆ ಆಸೆ. 'ಗೋವಿನ ಹಾಡಿ'ನಲ್ಲಿ ಕರುವಿಗೆ ಒಂದಿಷ್ಟು ಮಾತು ಸಿಕ್ಕಿದೆ, ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಅಂತ ಅದು ಕೇಳುತ್ತದೆ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಅತ್ತದ್ದು ಆ ಸಾಲುಗಳಿಗೇ, ಹುಲಿ ಪ್ರಾಣ ಬಿಟ್ಟದ್ದಕ್ಕಲ್ಲ.

ಹುಡುಗರಿಗೆ ಕೊಡಲು ಯಾವುದಾದರೂ ಹೇಳಿ ಅಂತ ಪರಿಚಯದವರೊಬ್ಬರು ಕೇಳಿದ್ದರು. ಕ್ವಾಮೆ ಅಲೆಕ್ಸಾಂಡರ್ ಅವರ 'ದ ಕ್ರಾಸ್‌ಓವರ್' ಕೊಡಿ ಅಂದೆ. 2014ರದ್ದು, 2015ರ ನ್ಯೂಬೆರಿ ಪದಕ ಇದಕ್ಕೆ ಬಂತು. ಜಾಶ್ ಮತ್ತು ಜಾರ್ಡನ್ ಅವಳಿ ಅಣ್ಣತಮ್ಮಂದಿರು, ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ, ಅಪ್ಪ ಹಿಂದೆ ದೊಡ್ಡ ಆಟಗಾರ. ಜಾರ್ಡನ್‌ಗೆ ಒಬ್ಬಳು ಹುಡುಗಿ ಸ್ನೇಹಿತೆಯಾಗುತ್ತಾಳೆ, ಜಾಶ್‌ಗೆ ತಾನು ಒಬ್ಬನೇ ಉಳಿದೆ ಅನಿಸುತ್ತದೆ, ಸಿಟ್ಟಿನಲ್ಲಿ ಆಟದ ಮಧ್ಯೆ ಚೆಂಡನ್ನು ತಮ್ಮನ ಮುಖಕ್ಕೇ ಬೀಸಿ ಹೊಡೆಯುತ್ತಾನೆ. ಆಮೇಲೆ ಒಂದೇ ಮನೆಯಲ್ಲಿದ್ದೂ ಇಬ್ಬರಿಗೂ ಮಾತಿಲ್ಲ. ಅದೇ ಹೊತ್ತಿಗೆ ಅಪ್ಪನಿಗೆ ರಕ್ತದೊತ್ತಡ, ಡಾಕ್ಟರ ಹತ್ತಿರ ಹೋಗಲು ಒಪ್ಪುವುದಿಲ್ಲ. ಆಟ ನಡೆಯುವ ಪದ್ಯಗಳಲ್ಲಿ ಅಕ್ಷರಗಳೇ ಪುಟದ ತುಂಬ ಚೆಂಡಿನ ಹಾಗೆ ಪುಟಿಯುತ್ತವೆ, ಅಪ್ಪ ಆಸ್ಪತ್ರೆ ಸೇರಿದ ಮೇಲೆ ಸಾಲುಗಳು ನಿಂತುಬಿಡುತ್ತವೆ. ಓದಲು ಒಲ್ಲದ ಹುಡುಗನೂ ಇದನ್ನು ಓದುತ್ತಾನೆ. ಮನೆಯಲ್ಲಿ ಬಿಪಿ ಮಾತ್ರೆ ನುಂಗದೆ ತಪ್ಪಿಸಿಕೊಳ್ಳುವ ಅಪ್ಪಂದಿರಿದ್ದರೆ ಅವರೂ ಓದಲಿ.

ಎಲಿಜಬೆತ್ ಅಸೆವೆಡೋ ಅವರ 'ಕ್ಲ್ಯಾಪ್ ವೆನ್ ಯು ಲ್ಯಾಂಡ್' 2020ರಲ್ಲಿ ಬಂತು. ವಿಮಾನ ಬಿದ್ದು ಅಪ್ಪ ಸತ್ತ ಮೇಲೆ, ನ್ಯೂಯಾರ್ಕಿನ ಒಬ್ಬ ಹುಡುಗಿಗೂ ಡೊಮಿನಿಕನ್ ಗಣರಾಜ್ಯದ ಒಬ್ಬ ಹುಡುಗಿಗೂ ತಾವು ಅಕ್ಕತಂಗಿಯರು, ಅಪ್ಪನಿಗೆ ಎರಡು ಸಂಸಾರ ಇತ್ತು ಅಂತ ಗೊತ್ತಾಗುತ್ತದೆ. ಇದರ ಹಿಂದೆ ನಿಜವಾದ ದುರಂತ ಇದೆ, 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಸ್ಯಾಂಟೊ ಡೊಮಿಂಗೊಗೆ ಹೊರಟ ವಿಮಾನ ಹಾರಿದ ಸ್ವಲ್ಪ ಹೊತ್ತಿಗೇ ಬಿದ್ದು 265 ಜನ ಸತ್ತರು. ಪದ್ಮಾ ವೆಂಕಟರಾಮನ್ ಅವರ 'ಎ ಟೈಮ್ ಟು ಡ್ಯಾನ್ಸ್' ಮಾತ್ರ ನಮ್ಮ ಪಕ್ಕದ ಚೆನ್ನೈನಲ್ಲೇ ನಡೆಯುತ್ತದೆ. ವೇದಾ ಅನ್ನುವ ಭರತನಾಟ್ಯದ ಹುಡುಗಿ ಅಪಘಾತದಲ್ಲಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಳ್ಳುತ್ತಾಳೆ, ಕೃತಕ ಕಾಲಿನಲ್ಲಿ ಮತ್ತೆ ತಟ್ಟಡವಿನಿಂದ, ಅಂದರೆ ಮೊದಲ ಪಾಠದ ಹೆಜ್ಜೆಯಿಂದ, ಶುರು ಮಾಡುತ್ತಾಳೆ. ಅಲ್ಲಿ ಪಾಟಿ ಇದ್ದಾಳೆ, ಅಂದರೆ ಅಜ್ಜಿ. ಕ್ರಿಕೆಟ್ ಹುಚ್ಚಿನ ಗೆಳತಿ ಚಂದ್ರಾ ಇದ್ದಾಳೆ. ತಾಳದ ಸೊಲ್ಲುಗಳು ಸಾಲಿನ ನಡುವೆ ಬರುತ್ತವೆ. ನನ್ನ ಮಗಳಿಗೆ ಇದು ಎಲ್ಲಕ್ಕಿಂತ ಇಷ್ಟ.

ಕನ್ನಡದಲ್ಲಿ ಇಂಥದ್ದು ಯಾಕೆ ಕಾಣುತ್ತಿಲ್ಲ ಅಂತ ಮಗಳು ಕೇಳಿದಳು. ಹದಿನಾಲ್ಕು ದಾಟಿದ ಮಕ್ಕಳಿಗಾಗಿ ಕನ್ನಡದಲ್ಲಿ ಬರೆದ ಪದ್ಯ ಕಾದಂಬರಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ, ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ, ಕೊಂಡು ಓದುತ್ತೇನೆ. ಅವರ ಕೈಗೆ ನಾವು ಕಾಡಿನ ಪ್ರಾಣಿಗಳ ಕಥೆ ಕೊಡುತ್ತೇವೆ, ಇಲ್ಲವೇ ನೇರವಾಗಿ ದೊಡ್ಡವರ ಕಾದಂಬರಿ ಕೊಡುತ್ತೇವೆ. ನಡುವಿನ ಆ ನಾಲ್ಕು ವರ್ಷ, ಅಪ್ಪ ಕುಡಿದು ಬರುವುದನ್ನೂ ಅಮ್ಮ ಮಾತು ಬಿಡುವುದನ್ನೂ ನೋಡುತ್ತ ಗಣಿತದ ಪರೀಕ್ಷೆಗೆ ಓದುವ ವರ್ಷಗಳು, ಅವಕ್ಕೆ ಪುಸ್ತಕ ಬೇಡವೇ?

ಅವಳೂ ನಾನೂ ಸೇರಿ ಒಂದೆರಡು ಪುಟ ಕನ್ನಡಕ್ಕೆ ತರಲು ನೋಡಿದೆವು. ಸಾಲು ಹೊಂದಲೇ ಇಲ್ಲ. ಇಂಗ್ಲಿಷಿನಲ್ಲಿ ಆಯಿತೋ ಇಲ್ಲವೋ ಅನ್ನುವುದು ಮೊದಲೇ ಗೊತ್ತಾಗಿಬಿಡುತ್ತದೆ, ಯಾರಿಗೆ, ಏನು, ಎಲ್ಲಿ ಅನ್ನುವುದನ್ನು ಸಾಲು ಮುರಿದು ಕೆಳಗೆ ತಳ್ಳುತ್ತಾರೆ. ನಮ್ಮಲ್ಲಿ ಯಾರು, ಎಲ್ಲಿ, ಏನು ಎಲ್ಲ ಮೊದಲು ಬಂದು ಕೂರುತ್ತವೆ, ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಬಾಲದಲ್ಲಿ 'ಇಲ್ಲ' ಇದೆಯೋ ಅನ್ನುವುದು ಗೊತ್ತಾಗುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ, ಕಾಯುತ್ತಿರುವ ಮಗುವಿನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ವ್ಯಾಕರಣ ಯಾವುದಿದೆ? 'ಅಮ್ಮ ಇವತ್ತು' ಅಂತ ಒಂದು ಸಾಲು. 'ನನ್ನ ಹೆಸರು ಹಿಡಿದು' ಅಂತ ಇನ್ನೊಂದು. ಕರೆದಳೋ, ಕರೆಯಲಿಲ್ಲವೋ? ಮೂರನೇ ಸಾಲಿನ ವರೆಗೆ ಓದುವವರೂ ನನ್ನ ಜೊತೆ ನಡುಮನೆಯ ಬಾಗಿಲಲ್ಲಿ ನಿಂತಿರಬೇಕು.

ಆ ನಾಲ್ಕು ತಿಂಗಳ ಬಗ್ಗೆ ಬರೆಯಬೇಕು ಅಂತ ಎಷ್ಟೋ ಸಲ ಕೂತಿದ್ದೆ. ಪ್ರತಿ ಸಲವೂ ಎರಡನೇ ಪ್ಯಾರಾಕ್ಕೆ ನಿಲ್ಲುತ್ತಿತ್ತು, ಯಾಕೆ ಹೀಗಾಯಿತು ಅಂತ ವಿವರಿಸಲು ಹೋಗಿ. ಈ ಸಲ ಸಾಲು ಸಾಲಾಗಿ ಬರೆದೆ. ಇಲ್ಲಿಯವರೆಗೆ ಒಂಬತ್ತು ಪುಟ ಆಗಿದೆ. ಮೊದಲ ಪುಟ ಇದು:

ನೋಟ್‌ಬುಕ್ಕಿಗೆ
ಕಂದು ಬಣ್ಣದ ಕವರು.
ಒಳಗೆ ಇವತ್ತಿನ ಗಣಿತ,
ನಿನ್ನೆಯ ಸಮಾಜ.
ಕಟ್ಟೆ ಮೇಲೆ ಇಟ್ಟು
ಅವಳು
ನನ್ನ ಭುಜದಾಚೆ
ನಡುಮನೆ ಕಡೆ
ನೋಡಲಿಲ್ಲ.

ಆ ಗೆಳತಿ ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಹಬ್ಬಕ್ಕೊಂದು ಶುಭಾಶಯ ಬಿಟ್ಟರೆ ನಮ್ಮ ನಡುವೆ ಜಾಸ್ತಿ ಮಾತಿಲ್ಲ. ಹೋದ ವಾರ ಧೈರ್ಯ ಮಾಡಿ ಈ ಪುಟವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ, ಮೇಲೆ ಏನೂ ಬರೆಯದೆ. ಎರಡು ದಿನ ಬಿಟ್ಟು ಉತ್ತರ ಬಂತು.

"ಕವರು ಕಂದು ಬಣ್ಣದ್ದಲ್ಲ. ಹಳೇ ಕ್ಯಾಲೆಂಡರಿಂದು, ಬಿಳಿ ಮೈ ಹೊರಗೆ ಮಾಡಿ ಹಾಕಿದ್ದೆ. ಮತ್ತೆ, ನಾನು ನೋಡಿದ್ದೆ. ಮೊದಲನೇ ದಿನಾನೇ."

ಕವರಿನ ಸಾಲನ್ನು ತಿದ್ದಿದ್ದೇನೆ. ಕೊನೆಯ ಸಾಲಿನ ಮುಂದೆ ಎರಡು ದಿನದಿಂದ ಕೂತಿದ್ದೇನೆ.